ಅರವತ್ತರ ನಂತರ ಓಡುವವರಿಗೆ

ಕಳೆದ ಮಳೆಗಾಲದ ಒಂದು ಸಂಜೆ ಹಿರಿಯರೊಬ್ಬರು ಕುಂಟುತ್ತಾ ನನ್ನ ಕ್ಲಿನಿಕ್‌ಗೆ ಬಂದರು. ಹಿಮ್ಮಡಿಯ ಮೇಲಿನ ದಪ್ಪ ನರದಂತಹ ಭಾಗವನ್ನು ಮುಟ್ಟಿ ತೋರಿಸಿ, “ಡಾಕ್ಟ್ರೇ, ಇದಕ್ಕೊಂದು ಒಳ್ಳೆಯ ಎಣ್ಣೆ ಕೊಡಿ. ಮುಂದಿನ ತಿಂಗಳು 21 ಕಿಲೋಮೀಟರ್ ಓಟ ಇದೆ” ಎಂದರು. ವಯಸ್ಸು 62. ಬಸ್ ಚಾಲಕರಾಗಿ ದುಡಿದು ನಿವೃತ್ತರಾದವರು. ಐದು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಪತ್ತೆಯಾದಾಗ “ದಿನಾ ಫಜ್ರ್ ಬಳಿಕ ನಡೆಯಿರಿ” ಎಂದು ಹೇಳಿದವನು ನಾನೇ. ಅವರು ನನ್ನ ಮಾತನ್ನು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಪಾಲಿಸಿದ್ದರು. ನಡಿಗೆ ಓಟವಾಗಿತ್ತು. ಬೆಂಗಳೂರಿಗೆ ಹೋಗಿ 10 ಕಿ.ಮೀ. ಓಟವನ್ನೂ ಮುಗಿಸಿ ಬಂದಿದ್ದರು.

ಎಣ್ಣೆ ಕೊಡುವ ಮೊದಲು, ಬೇರೆ ಏನೇನು ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದೆ. ಜೇಬಿನಿಂದ ನೋವಿನ ಮಾತ್ರೆಯ ಪಟ್ಟಿ ಹೊರಬಂತು. ಮೆಡಿಕಲ್‌ನಿಂದ ತಾವೇ ಕೇಳಿ ತಂದದ್ದು. ಮೂರು ವಾರಗಳಿಂದ ಪ್ರತಿ ಓಟಕ್ಕೂ ಮೊದಲು ಒಂದೊಂದು ನುಂಗುತ್ತಿದ್ದರು. ತಿಂಗಳ ಹಿಂದೆ ಮೂತ್ರದ ಸೋಂಕಿಗೆ ಬೇರೆಡೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರು. ಜೊತೆಗೆ “ಶಕ್ತಿಗೆ” ಎಂದು ಯಾರೋ ಕೊಟ್ಟ, ಹೆಸರಿಲ್ಲದ ಡಬ್ಬಿಯ ಒಂದು ಲೇಹ್ಯ.

ಒಂದು ಬಾಟಲಿ ರೋಗನ್ ಕೊಟ್ಟು ಕಳುಹಿಸುವುದು ನನಗೆ ಸುಲಭವಿತ್ತು. ಆದರೆ ಅವರಿಗೆ ಬೇಕಿದ್ದದ್ದು ಎಣ್ಣೆಯಲ್ಲ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪಿನ ಔಷಧಿಗಳು ಕೆಲವರಲ್ಲಿ ಸ್ನಾಯುರಜ್ಜುವನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗವನ್ನು, ದುರ್ಬಲಗೊಳಿಸುತ್ತವೆ. ಹಿಮ್ಮಡಿಯ ಹಗ್ಗ ಹರಿದೇ ಹೋಗುವುದೂ ಉಂಟು. 60 ದಾಟಿದವರಲ್ಲಿ, ಸ್ಟಿರಾಯ್ಡ್ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2008ರಲ್ಲೇ ಇದರ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿದೆ. ಅಂತಹ ಹಗ್ಗದ ನೋವನ್ನು ಮಾತ್ರೆಯಿಂದ ಮುಚ್ಚಿಟ್ಟು ಅವರು ಓಡುತ್ತಿದ್ದರು. ಓಟ ನಿಲ್ಲಿಸಲು ಹೇಳಿ, ರಕ್ತದ ಕ್ರಿಯೇಟಿನಿನ್ ಪರೀಕ್ಷೆಗೆ ಮತ್ತು ಮೂಳೆ ತಜ್ಞರ ಬಳಿಗೆ ಕಳುಹಿಸಿದೆ. ಕ್ರಿಯೇಟಿನಿನ್ ಸ್ವಲ್ಪ ಏರಿತ್ತು. ಮೂತ್ರಪಿಂಡ ದಣಿದಿತ್ತು. ಮಾತ್ರೆ, ಲೇಹ್ಯ ಎರಡನ್ನೂ ಬಿಟ್ಟ ಕೆಲವು ವಾರಗಳಲ್ಲಿ ಅದು ಮೊದಲಿನಂತಾಯಿತು, ಅಲ್‌ಹಮ್ದುಲಿಲ್ಲಾಹ್.

ಅಂದು ರಾತ್ರಿ ನನ್ನ ತಪ್ಪೂ ನನಗೆ ಕಂಡಿತು. “ನಡೆಯಿರಿ” ಎಂದು ಹೇಳಿದ್ದೆ. ನಡೆಯುವವರು ಓಡತೊಡಗಿದರೆ ಏನು ತಿನ್ನಬೇಕು, ಎಷ್ಟು ಓಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳಿರಲಿಲ್ಲ. ಈ ಲೇಖನ ಆ ಬಾಕಿಯನ್ನು ತೀರಿಸುವ ಪ್ರಯತ್ನ.

ಈ ವಯಸ್ಸಿನಲ್ಲಿ ಓಡಬಹುದೇ?

ಓಡಬಹುದು. ಕೆನಡಾದ ಎಡ್ ವಿಟ್ಲಾಕ್ 2003ರಲ್ಲಿ, ತಮ್ಮ 72ನೇ ವಯಸ್ಸಿನಲ್ಲಿ, 42.195 ಕಿ.ಮೀ. ಮ್ಯಾರಥಾನನ್ನು 3 ಗಂಟೆಯೊಳಗೆ ಮುಗಿಸಿದರು. 70 ದಾಟಿದ ಮೇಲೆ ಹಾಗೆ ಓಡಿದವರಲ್ಲಿ ಅವರೇ ಮೊದಲಿಗರು. ಪಂಜಾಬಿನ ಫೌಜಾ ಸಿಂಗ್ ತಮ್ಮ ಮೊದಲ ಮ್ಯಾರಥಾನ್ ಓಡಿದ್ದು 89ರ ವಯಸ್ಸಿನಲ್ಲಿ, ಲಂಡನ್‌ನಲ್ಲಿ. 2011ರಲ್ಲಿ, ನೂರರ ವಯಸ್ಸಿನಲ್ಲಿ, ಟೊರಾಂಟೊ ಮ್ಯಾರಥಾನನ್ನು 8 ಗಂಟೆಗೂ ಸ್ವಲ್ಪ ಹೆಚ್ಚು ಸಮಯದಲ್ಲಿ ಪೂರ್ಣಗೊಳಿಸಿದರು. ಇವರು ಅಪರೂಪದವರು, ನಾವೆಲ್ಲ ಹಾಗಾಗಬೇಕಿಲ್ಲ. ಆದರೆ ವಯಸ್ಸೊಂದೇ ಅಡ್ಡಿಯಲ್ಲ ಎಂಬುದಕ್ಕೆ ಇವರು ಸಾಕ್ಷಿ.

“ಓಡಿದರೆ ಮೊಣಕಾಲು ಸವೆಯುತ್ತದೆ” ಎಂಬ ಹೆದರಿಕೆ ಅನೇಕರಲ್ಲಿದೆ. ಆರೋಗ್ಯವಂತ ಮೊಣಕಾಲಿನವರು ಹಿತಮಿತವಾಗಿ ಓಡಿದರೆ, ಕುಳಿತೇ ಇರುವವರಿಗಿಂತ ಹೆಚ್ಚಾಗಿ ಅವರಿಗೆ ಸಂಧಿವಾತ ಬರುವುದಿಲ್ಲ. ಈಗಾಗಲೇ ಮೊಣಕಾಲು ಸವೆದು ಊದಿಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಓಡಬಾರದು.

ವಯಸ್ಸಾದಂತೆ ದೇಹದಲ್ಲಿ ಏನು ಬದಲಾಗುತ್ತದೆ? ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ. ಸ್ನಾಯು ಕರಗುತ್ತದೆ, ಹಗ್ಗಗಳು ಬಿರುಸಾಗುತ್ತವೆ, ಮೂಳೆಯ ಸಾಂದ್ರತೆ ಕಡಿಮೆಯಾಗುತ್ತದೆ. ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ವೃದ್ಧಾಪ್ಯದ ಮಿಝಾಜ್ ಶೀತ ಮತ್ತು ಶುಷ್ಕ ಎಂದು ಯುನಾನಿ ಹೇಳುತ್ತದೆ. ಅದಕ್ಕೇ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ವೃದ್ಧರ ದಿನಚರಿಯನ್ನು ಬೇರೆಯಾಗಿಯೇ ಚರ್ಚಿಸಿ, ಅವರ ವ್ಯಾಯಾಮ ಅವರ ಶಕ್ತಿಗೆ ತಕ್ಕಂತಿರಬೇಕು ಎಂದರು. ವ್ಯಾಯಾಮಕ್ಕೆ ಮೊದಲು ಮೈ ಸಿದ್ಧಗೊಳಿಸುವ ಉಜ್ಜುವಿಕೆ, ಬಳಿಕ ದಣಿವಾರಿಸುವ ಉಜ್ಜುವಿಕೆ ಎಂದು ಎರಡು ಬಗೆಯ ದಲ್ಕ್‌ಗಳನ್ನೂ ವಿವರಿಸಿದ್ದಾರೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಮೈ ಬಿಸಿ ಮಾಡದೆ ಓಡಬೇಡಿ, ಓಡಿದ ತಕ್ಷಣ ಕುಳಿತುಬಿಡಬೇಡಿ.

ಮೊದಲು ತಪಾಸಣೆ

40 ದಾಟಿದವರು ಹೊಸದಾಗಿ ಓಡಲು ಆರಂಭಿಸುವ ಮೊದಲು ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಕ್ರಿಯೇಟಿನಿನ್ ಮತ್ತು ಇಸಿಜಿ ಮಾಡಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ಅಥವಾ ಮನೆತನದಲ್ಲಿ ಹೃದಯಾಘಾತದ ಇತಿಹಾಸ ಇದ್ದರೆ ಟಿಎಂಟಿ ಬೇಕೇ ಎಂದು ಹೃದಯ ತಜ್ಞರನ್ನು ಕೇಳಿ.

ಓಡುವಾಗ ಎದೆ ಬಿಗಿತ, ದವಡೆಗೆ ಅಥವಾ ಎಡಗೈಗೆ ಹರಿಯುವ ನೋವು, ಎಂದೂ ಇಲ್ಲದ ಏದುಸಿರು, ತಲೆಸುತ್ತು, ತಣ್ಣನೆ ಬೆವರು ಬಂದರೆ ಅದನ್ನು ‘ಗ್ಯಾಸ್’ ಎಂದು ಭಾವಿಸಿ ಮನೆಗೆ ಹೋಗಬೇಡಿ. ನನ್ನ ಬಳಿಗೂ ಬರಬೇಡಿ. ನೇರವಾಗಿ ಹೃದಯ ಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಿ. ಆ ಹೊತ್ತಿಗೆ ಮಾಜೂನ್, ಜವಾರಿಶ್‌ಗಳ ಕೆಲಸವಿಲ್ಲ.

ಔಷಧಿ ಸೇವಿಸುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಳಸುವವರಿಗೆ ಓಟದಲ್ಲಿ ಸಕ್ಕರೆ ದಿಢೀರ್ ಕುಸಿಯಬಹುದು. ಜೇಬಿನಲ್ಲಿ ಗ್ಲೂಕೋಸ್ ಅಥವಾ ಖರ್ಜೂರ ಇರಲಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆಗಳು ಹೃದಯ ಬಡಿತವನ್ನು ಏರಲು ಬಿಡುವುದಿಲ್ಲ. ಆದ್ದರಿಂದ ಅಂಥವರು ಕೈಗಡಿಯಾರದ ಬಡಿತದ ಲೆಕ್ಕವನ್ನು ನಂಬಬಾರದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳು ನೀರು ಮತ್ತು ಉಪ್ಪು ಎರಡನ್ನೂ ಹೊರಹಾಕುತ್ತವೆ. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಶಕ್ತಿಗೆಂದು ಕುಶ್ತಾಗಳನ್ನು, ಹೆಸರಿಲ್ಲದ ಲೇಹ್ಯಗಳನ್ನು ತಿನ್ನಬೇಡಿ. ಕುಶ್ತಾ ಎಂದರೆ ಲೋಹ ಮತ್ತು ಖನಿಜಗಳ ಭಸ್ಮ. ಅರ್ಹ ಹಕೀಮರ ಸಲಹೆಯಿಲ್ಲದೆ ಅದು ಮೂತ್ರಪಿಂಡಕ್ಕೆ ವಿಷವಾದೀತು.

ತಟ್ಟೆಯಲ್ಲಿ ಏನಿರಬೇಕು?

“ನಮ್ಮ ಮನೆಯಲ್ಲಿ ಮಾಂಸಕ್ಕೇನು ಕೊರತೆ?” ಎನ್ನುವವರೇ ಹೆಚ್ಚು. ಕೊರತೆ ಇರುವುದು ಹಂಚಿಕೆಯಲ್ಲಿ. ಬೆಳಿಗ್ಗೆ ಚಹಾ, ಎರಡು ಬಿಸ್ಕತ್ತು ಅಥವಾ ಬರೀ ದೋಸೆ. ಮಧ್ಯಾಹ್ನ ಅನ್ನ, ಸಾರು. ಪ್ರೋಟೀನ್ ಪೂರಾ ರಾತ್ರಿಯ ಬಿರಿಯಾನಿಗೆ ಮೀಸಲು. ವಯಸ್ಸಾದ ಸ್ನಾಯು ಪ್ರೋಟೀನನ್ನು ಬಳಸಿಕೊಳ್ಳುವುದರಲ್ಲಿ ಸ್ವಲ್ಪ ಆಲಸಿ. ಅದಕ್ಕೆ ಮೂರು ಹೊತ್ತೂ ಬಡಿಸಬೇಕು.

ಓಡುವ ಹಿರಿಯರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ 72 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ, 100 ಗ್ರಾಂ ಬೇಯಿಸಿದ ಕೋಳಿಮಾಂಸದಲ್ಲಿ 25 ಗ್ರಾಂಗೂ ಮೇಲೆ ಪ್ರೋಟೀನ್ ಇರುತ್ತದೆ. ಬೆಳಿಗ್ಗೆ ಎರಡು ಮೊಟ್ಟೆ ಮತ್ತು ಹಾಲು, ಮಧ್ಯಾಹ್ನ ಮೀನು ಅಥವಾ ಹುರುಳಿ-ಹೆಸರು, ರಾತ್ರಿ ಒಂದಿಷ್ಟು ಕೋಳಿ ಅಥವಾ ಬೇಳೆ ಇದ್ದರೆ ಲೆಕ್ಕ ಹತ್ತಿರ ಬರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಅನ್ವಯಿಸದು.

ಮೂಳೆಗಾಗಿ ರಾಗಿ ಮರೆಯಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಳ್ಳಿನೊಂದಿಗೆ ತಿನ್ನುವ ಸಣ್ಣ ಮೀನು, ಎಳ್ಳು, ಮೊಸರು ಕೂಡ ಒಳ್ಳೆಯವು.

ಒಂದು ಗಂಟೆಯೊಳಗಿನ ಓಟಕ್ಕೆ ವಿಶೇಷ ಆಹಾರ ಬೇಕಿಲ್ಲ. ಅದಕ್ಕಿಂತ ಹೆಚ್ಚು ಓಡುವವರಿಗೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಬೇಕಾಗುತ್ತದೆ. ಸಣ್ಣ ಗಾತ್ರದ ಐದಾರು ಖರ್ಜೂರಗಳಲ್ಲಿ ಸುಮಾರು 30 ಗ್ರಾಂ ಸಿಗುತ್ತದೆ. ಅಭ್ಯಾಸದ ದಿನಗಳಲ್ಲಿ ತಿಂದು ನೋಡದ ಯಾವುದನ್ನೂ ಸ್ಪರ್ಧೆಯ ದಿನ ತಿನ್ನಬೇಡಿ.

ಕರಾವಳಿಯ ಸೆಖೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಕಡಿಮೆಯಾದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಉಪ್ಪು ಬೆರೆಸಿದ ನಿಂಬೆ ಶರಬತ್ತು, ಮಜ್ಜಿಗೆ ಅಥವಾ ಓಆರ್‌ಎಸ್ ಕುಡಿಯಿರಿ. ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. ಓಟದ ಬಳಿಕ ತೂಕ ಏರಿದ್ದರೆ ನೀವು ಅತಿಯಾಗಿ ಕುಡಿದಿದ್ದೀರಿ.

ಅಭ್ಯಾಸ ಹೇಗಿರಬೇಕು?

ಹೆಚ್ಚಿನ ಓಟ ನಿಧಾನವಾಗಿರಲಿ. ಜೊತೆಗಾರನೊಡನೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾಗುವಷ್ಟು ನಿಧಾನ. ಬಡಿತದ ಲೆಕ್ಕ ಬೇಕೆನ್ನುವವರು 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು ಕಳೆದರೆ ಅಂದಾಜು ಗರಿಷ್ಠ ಬಡಿತ ಸಿಗುತ್ತದೆ. 60 ವರ್ಷದವರಿಗೆ 166. ನಿಧಾನ ಓಟದಲ್ಲಿ ಅದರ ಮುಕ್ಕಾಲು ಪಾಲು ದಾಟಬೇಡಿ.

ವಾರಕ್ಕೆ ಮೂರು ಅಥವಾ ನಾಲ್ಕು ದಿನ ಓಟ ಸಾಕು. ಒಂದು ಓಟಕ್ಕೂ ಮತ್ತೊಂದಕ್ಕೂ ನಡುವೆ ಒಂದು ದಿನ ನಡಿಗೆ ಅಥವಾ ವಿಶ್ರಾಂತಿ ಇರಲಿ. ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ. ಯುನಾನಿಯ ಆರು ಅಗತ್ಯ ಅಂಶಗಳಲ್ಲಿ, ಅಂದರೆ ಅಸ್ಬಾಬೆ ಸಿತ್ತಾ ಝರೂರಿಯಾದಲ್ಲಿ, ಚಲನೆ ಮತ್ತು ವಿಶ್ರಾಂತಿ ಎಂದು ಎರಡನ್ನೂ ಒಂದೇ ಜೋಡಿಯಾಗಿ ಹೇಳಿರುವುದು ಸುಮ್ಮನೆ ಅಲ್ಲ. ನಿದ್ರೆಗೂ ಅಲ್ಲಿ ಪ್ರತ್ಯೇಕ ಸ್ಥಾನವಿದೆ.

ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಮಾಡಿ. ಕುರ್ಚಿಯಿಂದ ಕೈ ಹಿಡಿಯದೆ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು. ಸಜ್ದಾದಿಂದ ಏಳುವಾಗ ನೆಲಕ್ಕೆ ಕೈಯೂರದೆ ಏಳಲು ಆಗುತ್ತಿದೆಯೇ ಎಂದು ಗಮನಿಸಿ. ಕಳೆದ ವರ್ಷ ಆಗುತ್ತಿದ್ದದ್ದು ಈಗ ಆಗದಿದ್ದರೆ ತೊಡೆಯ ಬಲ ಇಳಿಯುತ್ತಿದೆ ಎಂದು ತಿಳಿಯಿರಿ.

ರಮಝಾನಿನಲ್ಲಿ ದೂರವನ್ನು ಅರ್ಧಕ್ಕೆ ಇಳಿಸಿ. ಇಫ್ತಾರ್ ಆಗಿ ಎರಡು ಗಂಟೆಯ ಬಳಿಕ ಅಥವಾ ತರಾವೀಹ್ ನಂತರ ನಿಧಾನವಾಗಿ ಓಡಿ. ಸಕ್ಕರೆ ಕಾಯಿಲೆಯವರು ಉಪವಾಸವಿದ್ದು ಓಡಬಾರದು. ಆ ತಿಂಗಳು ನಡಿಗೆ ಸಾಕು.

ನೋವು ಬಂದಾಗ

ದಣಿವಿನ ನೋವುಗಳೆಲ್ಲ ಒಂದೇ ಅಲ್ಲ ಎಂದು ನಮ್ಮ ಹಿರಿಯ ಹಕೀಮರು ಗುರುತಿಸಿದ್ದರು. ಹುಣ್ಣಿನಂತೆ ನೋಯುವುದು, ಎಳೆದಂತೆ ಬಿಗಿಯುವುದು, ಬಾವು ಬಂದಂತಿರುವುದು ಎಂದು ವಿಂಗಡಿಸಿದ್ದರು. ನೀವೂ ವಿಂಗಡಿಸಿಕೊಳ್ಳಿ. ಎರಡೂ ಕಾಲುಗಳಲ್ಲಿ ಸಮನಾಗಿದ್ದು ಎರಡು ಮೂರು ದಿನಗಳಲ್ಲಿ ಇಳಿಯುವ ಸ್ನಾಯು ನೋವು ಸಹಜ. ರೋಗನ್ ಝೈತೂನ್ ಅಥವಾ ಎಳ್ಳೆಣ್ಣೆ ಬಿಸಿ ಮಾಡಿ ಮೃದುವಾಗಿ ತಿಕ್ಕಿದರೆ ಹಿತವೆನಿಸುತ್ತದೆ. ಒಂದೇ ಬೆರಳಿನಿಂದ ತೋರಿಸಬಹುದಾದ ಮೂಳೆ ನೋವು, ರಾತ್ರಿಯೂ ಬಿಡದ ನೋವು ಮೂಳೆಯ ಬಿರುಕಿನ ಲಕ್ಷಣವಾಗಿರಬಹುದು. ಅಲ್ಲಿ ಮಾಲೀಶು ಬೇಡ, ಎಕ್ಸ್‌ರೇ ಮತ್ತು ವಿಶ್ರಾಂತಿ ಬೇಕು. ಹಿಮ್ಮಡಿಯ ಹಿಂದೆ ‘ಟಪ್’ ಎಂದು ಹೊಡೆದಂತಾಗಿ ಕಾಲೂರಲು ಆಗದಿದ್ದರೆ ಅದೇ ದಿನ ಮೂಳೆ ತಜ್ಞರಿಗೆ ತೋರಿಸಿ.

ಹಿಮ್ಮಡಿಯ ಹಗ್ಗದ ಹಳೆಯ ನೋವಿಗೆ ಒಳ್ಳೆಯ ಮದ್ದು ವ್ಯಾಯಾಮವೇ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. 15 ಸಲದಂತೆ 3 ಸುತ್ತು, ದಿನಕ್ಕೆ 2 ಬಾರಿ, 12 ವಾರ. ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಕಲಿತು ಮಾಡಿ. ಶೂಗಳನ್ನು 500ರಿಂದ 800 ಕಿ.ಮೀ. ಓಡಿದ ಮೇಲೆ ಬದಲಿಸಿ. ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸ ಮಾತ್ರ ಖಂಡಿತ ಬೇಡ.

ಇನ್ನೊಂದು ಅಪಾಯ ದೇಹದ ಹೊರಗಿದೆ. ಫೌಜಾ ಸಿಂಗ್ ಅವರನ್ನು ವಯಸ್ಸು ಕೊಂಡೊಯ್ಯಲಿಲ್ಲ. 2025ರ ಜುಲೈಯಲ್ಲಿ ತಮ್ಮ ಹಳ್ಳಿಯ ಬಳಿ ನಡೆದುಹೋಗುತ್ತಿದ್ದಾಗ ವಾಹನವೊಂದು ಅವರಿಗೆ ಡಿಕ್ಕಿ ಹೊಡೆಯಿತು. ಎಡ್ ವಿಟ್ಲಾಕ್ ಅಭ್ಯಾಸ ಮಾಡುತ್ತಿದ್ದದ್ದು ಮನೆ ಪಕ್ಕದ ಸ್ಮಶಾನದೊಳಗಿನ ದಾರಿಯಲ್ಲಿ, ವಾಹನಗಳಿಂದ ದೂರ. ಫಜ್ರ್ ಮುಗಿಸಿ ಮಬ್ಬುಗತ್ತಲಲ್ಲಿ ಹೊರಡುವವರು ಹೆದ್ದಾರಿಯನ್ನು ಬಿಟ್ಟು ಶಾಲೆಯ ಮೈದಾನಕ್ಕೆ ಹೋಗಿ. ರಸ್ತೆಯಲ್ಲೇ ಓಡಬೇಕಾದರೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ. ಕಪ್ಪು ಬಟ್ಟೆಯ ಮೇಲೆ ಹೊಳೆಯುವ ಪಟ್ಟಿ ಧರಿಸಿ.

ಮನೆಯ ಹೆಂಗಸರು

ಮುಟ್ಟು ನಿಂತ ಬಳಿಕ ಮೂಳೆ ವೇಗವಾಗಿ ಸವೆಯುವುದು ಹೆಂಗಸರಲ್ಲಿ. ಬಿಸಿಲು ಕಡಿಮೆ ಕಾಣುವುದರಿಂದ ವಿಟಮಿನ್ ಡಿ ಕೊರತೆಯೂ ಅವರಲ್ಲಿ ಸಾಮಾನ್ಯ. ಆದರೆ ಗಂಡಸರು ಮೈದಾನಕ್ಕೆ ಹೋದರೆ ಅವರು ಅಡುಗೆ ಮನೆಗೆ ಹೋಗುತ್ತಾರೆ. ಮೂಳೆಗೆ ಭಾರ ಬೀಳುವ ನಡಿಗೆ, ಓಟ, ಬಲದ ವ್ಯಾಯಾಮ ಅವರಿಗೇ ಹೆಚ್ಚು ಅಗತ್ಯ. ಸಡಿಲವಾದ ಹತ್ತಿಯ ಉಡುಪು, ಒಳ್ಳೆಯ ಶೂ, ಜೊತೆಗೊಬ್ಬರು, ಸುರಕ್ಷಿತ ಜಾಗ ಇಷ್ಟಿದ್ದರೆ ಸಾಕು. ವೈದ್ಯರ ಸಲಹೆಯಂತೆ ವಿಟಮಿನ್ ಡಿ ಪರೀಕ್ಷೆ ಮಾಡಿಸಿ.

ನನ್ನ ಹಿರಿಯ ಮಿತ್ರರು ಆ 21 ಕಿ.ಮೀ. ಓಟವನ್ನು ಬಿಟ್ಟರು. ಮೂರು ತಿಂಗಳು ಮೆಟ್ಟಿಲ ಅಂಚಿನ ವ್ಯಾಯಾಮ ಮಾಡಿದರು. ಆ ಸಮಯದಲ್ಲಿ ಓಡಲಾಗದ್ದರಿಂದ ಪತ್ನಿಯೊಂದಿಗೆ ನಡೆಯತೊಡಗಿದರು. ಮೊನ್ನೆ ಇಬ್ಬರೂ ಕ್ಲಿನಿಕ್‌ಗೆ ಬಂದಿದ್ದರು. ಅವರು ಈಗ ಮತ್ತೆ ನಿಧಾನವಾಗಿ 8 ಕಿ.ಮೀ. ಓಡುತ್ತಾರೆ, ನೋವಿಲ್ಲ. ಹೊರಡುವಾಗ ಅವರ ಪತ್ನಿ ಕೇಳಿದರು: “ಡಾಕ್ಟ್ರೇ, ನನಗೂ 10 ಕಿಲೋಮೀಟರ್ ಆಗಬಹುದಾ?” ಈ ಸಲ ನಾನು ಆಗಬಹುದು ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಕುಳ್ಳಿರಿಸಿ, ಮೊದಲು ಬಿಪಿ ನೋಡಿದೆ.