ಕರಗುವ ಹಣ, ಕಾಣದ ನಾಣ್ಯ

ದುಡಿದು ಗಳಿಸಿದ ಹಣವು ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೆ ಸಾಕು, ಅದು ಮುಂದೊಂದು ದಿನ ಮಕ್ಕಳ ವಿದ್ಯಾಭ್ಯಾಸಕ್ಕೋ, ಮದುವೆಗೋ, ವೃದ್ಧಾಪ್ಯಕ್ಕೋ ಒದಗುತ್ತದೆಂಬುದು ಗೃಹಸ್ಥನ ಸಹಜ ನಂಬಿಕೆ. ಕಳ್ಳಕಾಕರ ಭಯವೊಂದನ್ನುಳಿದು ಬೇರೊಂದು ಭಯವನ್ನು ನಮ್ಮ ಹಿರಿಯರು ಅಷ್ಟಾಗಿ ಎಣಿಸಿದವರಲ್ಲ. ಆದರೆ ಬೀಗ ಮುರಿಯದೆ, ಕನ್ನ ಕೊರೆಯದೆ, ಒಂದು ನೋಟನ್ನೂ ಮುಟ್ಟದೆ ಹಣದ ಸತ್ವವನ್ನಷ್ಟೇ ಹೀರಿಕೊಂಡು ಹೋಗುವ ಕಳ್ಳನೊಬ್ಬನಿದ್ದಾನೆ. ಆತನ ಹೆಸರು ಹಣದುಬ್ಬರ.

ದಕ್ಷಿಣ ಅಮೆರಿಕದ ಅರ್ಜೆಂಟೈನಾ ದೇಶದ ಸಂಸಾರಗಳು ಈ ಕಳ್ಳನೊಡನೆ ಹಲವು ದಶಕಗಳಿಂದ ಸೆಣಸುತ್ತ ಬಂದಿವೆ. ಈ ಸೆಣಸಾಟದಲ್ಲಿ ಅಲ್ಲಿನ ಜನ ಇತ್ತೀಚೆಗೆ ಕೈಗೆತ್ತಿಕೊಂಡ ಸಾಧನವೇ ಕ್ರಿಪ್ಟೋಕರೆನ್ಸಿ. ನಮ್ಮಲ್ಲಿ ಈ ಮಾತು ಕಿವಿಗೆ ಬಿದ್ದೊಡನೆ ಜೂಜಿನ ಚಿತ್ರವೇ ಕಣ್ಣಮುಂದೆ ಬರುವುದುಂಟು. ಅಲ್ಲಿ ಅನೇಕರಿಗೆ ಅದು ತಿಂಗಳ ಸಂಬಳವನ್ನು ಉಳಿಸಿಕೊಳ್ಳುವ ಉಪಾಯವಾಯಿತು. ಅದು ಹೇಗೆ, ಮತ್ತು ಎಷ್ಟರಮಟ್ಟಿಗೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಂಬಿಕೆ ಮುರಿದ ಬಗೆ

1991ರ ಏಪ್ರಿಲ್ ತಿಂಗಳಲ್ಲಿ ಜಾರಿಗೆ ಬಂದ ಶಾಸನದಂತೆ ಅರ್ಜೆಂಟೈನಾದ ಒಂದು ಪೆಸೊ ಅಮೆರಿಕದ ಒಂದು ಡಾಲರಿಗೆ ಸಮವೆಂದು ಘೋಷಿತವಾಯಿತು. ಹತ್ತು ವರ್ಷಗಳ ಕಾಲ ಈ ಮಾತು ನಡೆಯಿತು. ಜನರು ನಿಶ್ಚಿಂತೆಯಿಂದ ಬ್ಯಾಂಕುಗಳಲ್ಲಿ ಡಾಲರ್ ಠೇವಣಿಗಳನ್ನೇ ಇರಿಸಿದರು. ಆದರೆ ಸಾಲದ ಹೊರೆ ಬೆಳೆದು, ಬ್ಯಾಂಕುಗಳಿಂದ ಹಣ ಹೊರಹರಿಯತೊಡಗಿದಾಗ, 2001ರ ಡಿಸೆಂಬರಿನಲ್ಲಿ ಸರ್ಕಾರವು ಠೇವಣಿದಾರರು ವಾರಕ್ಕೆ 250 ಪೆಸೊಗಳಿಗಿಂತ ಹೆಚ್ಚು ನಗದನ್ನು ಪಡೆಯಕೂಡದೆಂದು ನಿರ್ಬಂಧಿಸಿತು. ಜನರು ಇದನ್ನು 'ಕೊರಲಿಟೊ' ಎಂದು ಕರೆದರು. ಪುಟ್ಟ ದೊಡ್ಡಿ ಎಂದು ಅದರ ಅರ್ಥ. ತಮ್ಮ ಹಣ ದೊಡ್ಡಿಗೆ ಕೂಡಿದ ದನದಂತಾಯಿತೆಂಬ ಸಂಕಟ ಆ ಹೆಸರಿನಲ್ಲಿದೆ. ಗೃಹಿಣಿಯರು ಅಡುಗೆಯ ಪಾತ್ರೆಗಳನ್ನು ಬಡಿಯುತ್ತ ಬೀದಿಗಿಳಿದರು. ಡಿಸೆಂಬರ್ 20ರಂದು ಅಧ್ಯಕ್ಷ ಫರ್ನಾಂಡೊ ಡೆ ಲಾ ರುವಾ ಪದತ್ಯಾಗ ಮಾಡಿದರು.

ಮರುವರ್ಷ ಪೆಸೊ ಅಪಮೌಲ್ಯಗೊಂಡಿತು. ಡಾಲರ್ ಠೇವಣಿಗಳನ್ನು ಡಾಲರಿಗೆ 1.40 ಪೆಸೊ ದರದಲ್ಲಿ ಬಲವಂತವಾಗಿ ಪರಿವರ್ತಿಸಲಾಯಿತು. 2002ರ ಮಧ್ಯಭಾಗದಲ್ಲಿ ಮಾರುಕಟ್ಟೆಯ ದರ ಮೂರೂವರೆ ಪೆಸೊಗಳನ್ನು ದಾಟಿತ್ತು. ಬೆಲೆಯೇರಿಕೆಗಾಗಿ ನೀಡಿದ ಹೊಂದಾಣಿಕೆಯನ್ನು ಬದಿಗಿಟ್ಟು ಸ್ಥೂಲವಾಗಿ ಲೆಕ್ಕ ಹಾಕಿದರೆ, 10,000 ಡಾಲರ್ ಇರಿಸಿದ್ದ ಸಂಸಾರಕ್ಕೆ ದಕ್ಕಿದ್ದು 14,000 ಪೆಸೊ, ಅಂದರೆ 4,000 ಡಾಲರಿಗೂ ಕಡಿಮೆ. ಕಾಯಬೇಕಾದ ಬೇಲಿಯೇ ಹೊಲವನ್ನು ಮೇಯ್ದ ಮೇಲೆ ಜನರಿಗೆ ಬೇಲಿಯ ಮೇಲೆ ವಿಶ್ವಾಸವೆಲ್ಲಿ ಉಳಿದೀತು?

ಎರಡು ದರಗಳ ದೇಶ

ಅಂದಿನಿಂದ ಅರ್ಜೆಂಟೈನಾದ ಮಧ್ಯಮ ವರ್ಗದವರು ಡಾಲರ್ ನೋಟುಗಳನ್ನು ಮನೆಯಲ್ಲಿಯೇ ಬಚ್ಚಿಡುವುದನ್ನು ರೂಢಿಸಿಕೊಂಡರು. ನಮ್ಮ ತಾಯಂದಿರಿಗೆ ಚಿನ್ನವಿದ್ದಂತೆ ಅವರಿಗೆ ಡಾಲರು. ಸರ್ಕಾರವಾದರೋ 2011ರಿಂದ 2015ರವರೆಗೆ ಮತ್ತು ಪುನಃ 2019ರಿಂದ ಡಾಲರ್ ಖರೀದಿಗೆ ಕಟ್ಟುಪಾಡು ವಿಧಿಸಿತು. 2019ರ ಅಕ್ಟೋಬರಿನ ಬಳಿಕ ಒಬ್ಬ ವ್ಯಕ್ತಿ ತಿಂಗಳಿಗೆ 200 ಡಾಲರುಗಳನ್ನು ಮಾತ್ರ ಅಧಿಕೃತವಾಗಿ ಕೊಳ್ಳಬಹುದಿತ್ತು. ವ್ಯಕ್ತಿಗಳ ಮೇಲಿನ ಈ ಬಗೆಯ ನಿರ್ಬಂಧಗಳಲ್ಲಿ ಬಹುಪಾಲು ಸಡಿಲಗೊಂಡದ್ದು 2025ರ ಏಪ್ರಿಲಿನಲ್ಲಿ.

ಕಟ್ಟುಪಾಡು ಇದ್ದೆಡೆ ಕಾಳಸಂತೆ ಇದ್ದದ್ದೇ. ಅನಧಿಕೃತ ಡಾಲರಿಗೆ ಅಲ್ಲಿ 'ನೀಲಿ ಡಾಲರ್' ಎಂದು ಹೆಸರು. ಅದನ್ನು ಮಾರುವ ಗುಟ್ಟಿನ ಮಳಿಗೆಗಳಿಗೆ 'ಗುಹೆ'ಗಳೆಂದೂ, ರಾಜಧಾನಿ ಬ್ಯೂನಸ್ ಐರಿಸ್‌ನ ಫ್ಲೊರಿಡಾ ಬೀದಿಯಲ್ಲಿ ನಿಂತು ಗಿರಾಕಿಗಳನ್ನು ಕರೆಯುವವರಿಗೆ 'ಪುಟ್ಟ ಮರ'ಗಳೆಂದೂ ಅಡ್ಡಹೆಸರುಗಳುಂಟು. 2023ರ ನವೆಂಬರ್ ತಿಂಗಳಲ್ಲಿ ಅಧಿಕೃತ ದರವು ಡಾಲರಿಗೆ 350ರಿಂದ 366 ಪೆಸೊಗಳಷ್ಟಿದ್ದರೆ, ಬೀದಿಯ ದರ 900ರ ಆಸುಪಾಸಿನಲ್ಲಿತ್ತು. ಡಿಸೆಂಬರ್ 10ರಂದು ಅಧಿಕಾರಕ್ಕೆ ಬಂದ ಅಧ್ಯಕ್ಷ ಹಾವಿಯೆರ್ ಮಿಲೇ ಅವರ ಸರ್ಕಾರವು ಕೆಲವೇ ದಿನಗಳಲ್ಲಿ ಅಧಿಕೃತ ದರವನ್ನು 800ಕ್ಕೆ ಇಳಿಸಿತು. ಆ ಒಂದೇ ತಿಂಗಳಲ್ಲಿ ಬೆಲೆಗಳು ಶೇಕಡಾ 25.5ರಷ್ಟು, ಇಡೀ ವರ್ಷದಲ್ಲಿ ಶೇಕಡಾ 211.4ರಷ್ಟು ಏರಿದವು. ಅರ್ಥಾತ್, ವರ್ಷಾರಂಭದಲ್ಲಿ 100 ಪೆಸೊಗಳಿಗೆ ದೊರೆಯುತ್ತಿದ್ದ ದಿನಸಿಗೆ ವರ್ಷಾಂತ್ಯದಲ್ಲಿ 311 ಪೆಸೊ ತೆರಬೇಕಾಯಿತು. ಉಳಿತಾಯ ಮಾಡಿದವನೇ ಅಲ್ಲಿ ಶಿಕ್ಷೆಗೊಳಗಾದನು.

ಫೋನಿನೊಳಗಿನ ಡಾಲರು

ಇಂತಹ ಇಕ್ಕಟ್ಟಿನಲ್ಲಿ ಕ್ರಿಪ್ಟೋಕರೆನ್ಸಿ ಒದಗಿ ಬಂದಿತು. ಇವುಗಳಲ್ಲಿ ಮೊದಲನೆಯದಾದ ಬಿಟ್‌ಕಾಯಿನ್ 2009ರ ಜನವರಿಯಲ್ಲಿ ಆರಂಭವಾಯಿತು. ಅದಕ್ಕೆ ರಾಜಮುದ್ರೆಯಿಲ್ಲ, ಟಂಕಸಾಲೆಯಿಲ್ಲ. ಲೋಕದ ನಾನಾ ಕಡೆಯ ಕಂಪ್ಯೂಟರುಗಳು ಒಂದೇ ಲೆಕ್ಕದ ಪುಸ್ತಕವನ್ನು ಏಕಕಾಲಕ್ಕೆ ಬರೆದಿಡುವುದರಿಂದ ಯಾರೊಬ್ಬರೂ ಅದನ್ನು ತಿದ್ದಲಾರರು. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರದಂತೆ ಅದರ ರಚನೆಯಲ್ಲಿಯೇ ಮಿತಿಯಿದೆ. ಮನಬಂದಂತೆ ನೋಟು ಅಚ್ಚುಹಾಕುವುದನ್ನು ಕಂಡು ಬೇಸತ್ತವರಿಗೆ ಈ ಮಿತಿಯೇ ಆಕರ್ಷಣೆ.

ಆದರೆ ಬಿಟ್‌ಕಾಯಿನ್‌ನ ಬೆಲೆಯೇ ಸ್ಥಿರವಲ್ಲ. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ ಅದು ಒಂದೇ ವರ್ಷದಲ್ಲಿ 16,000ಕ್ಕೂ ಕೆಳಗೆ ಬಿದ್ದಿತು. ನಾಳೆಯ ಬಾಡಿಗೆ ಕಟ್ಟಬೇಕಾದ ಸಂಸಾರ ಇಂತಹ ಏರಿಳಿತವನ್ನು ತಾಳಲಾರದು. ಆದ್ದರಿಂದಲೇ ಅಲ್ಲಿನ ಅನೇಕರು ಆಯ್ದುಕೊಂಡದ್ದು 'ಸ್ಟೇಬಲ್‌ಕಾಯಿನ್', ಅಂದರೆ ಡಾಲರಿಗೆ ಬೆಸೆದ ಸ್ಥಿರ ನಾಣ್ಯ. 2014ರಲ್ಲಿ ಆರಂಭವಾದ ಟೆದರ್ ಇವುಗಳಲ್ಲಿ ಪ್ರಮುಖ. ಒಂದು ನಾಣ್ಯಕ್ಕೆ ಒಂದು ಡಾಲರಿನಷ್ಟು ಆಸ್ತಿಯನ್ನು ತಾನು ಕಾದಿರಿಸುವುದಾಗಿ ಅದನ್ನು ಹೊರಡಿಸುವ ಸಂಸ್ಥೆ ಹೇಳುತ್ತದೆ.

ಬಳಕೆಯ ಕ್ರಮ ಸರಳ. ಸಂಬಳ ಕೈಸೇರಿದ ದಿನವೇ ಬಾಡಿಗೆ, ದಿನಸಿಗಳಿಗೆ ಬೇಕಾದಷ್ಟನ್ನು ಪೆಸೊಗಳಲ್ಲಿ ಉಳಿಸಿಕೊಂಡು, ಮಿಕ್ಕದ್ದನ್ನು ಫೋನಿನ ಮೂಲಕ ಸ್ಥಿರ ನಾಣ್ಯವಾಗಿ ಬದಲಿಸುವುದು. ಅಗತ್ಯ ಬಿದ್ದಾಗ ಸ್ವಲ್ಪ ಸ್ವಲ್ಪವೇ ಮಾರುವುದು. ಹೊರದೇಶದ ಕಂಪನಿಗಳಿಗೆ ಮನೆಯಿಂದಲೇ ದುಡಿಯುವ ತರುಣರು ಕೂಲಿಯನ್ನೇ ಈ ನಾಣ್ಯದಲ್ಲಿ ಪಡೆಯತೊಡಗಿದರು. 2023ರ ನವೆಂಬರಿನಲ್ಲಿ 1,000 ಡಾಲರ್ ಸಂಪಾದನೆ ಅಧಿಕೃತ ದರದಲ್ಲಿ ಮೂರೂವರೆ ಲಕ್ಷ ಪೆಸೊ ತಂದರೆ, ಬೀದಿಯ ದರದಲ್ಲಿ ಒಂಬತ್ತು ಲಕ್ಷದಷ್ಟು ತರುತ್ತಿತ್ತು. ಈ ಅಂತರದಲ್ಲಿಯೇ ಒಂದು ಮನೆಯ ಅನ್ನ ಅಡಗಿತ್ತು.

ಮದ್ದಿನೊಳಗಿನ ವಿಷ

ಹಾಗೆಂದು ಇದನ್ನು ಸಂಜೀವಿನಿಯೆಂದು ಭಾವಿಸಲಾಗದು. ಸ್ಥಿರವೆಂಬ ಹೆಸರುಳ್ಳದ್ದೆಲ್ಲ ಸ್ಥಿರವಲ್ಲ. ನಿಜವಾದ ಆಸ್ತಿಯ ಬದಲು ಗಣಿತದ ಏರ್ಪಾಡನ್ನೇ ನೆಚ್ಚಿದ್ದ ಟೆರಾ ಯುಎಸ್‌ಡಿ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಕುಸಿಯಿತು. ಅದರ ಜೊತೆಯ ಲೂನಾ ನಾಣ್ಯವೂ ಸೇರಿ ಸುಮಾರು 4,000 ಕೋಟಿ ಡಾಲರುಗಳ ಮೌಲ್ಯ ಕರಗಿಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ವಿನಿಮಯ ಕೇಂದ್ರ ದಿವಾಳಿಯೆದ್ದಿತು. 2025ರ ಫೆಬ್ರವರಿಯಲ್ಲಿ ಸ್ವತಃ ಅಧ್ಯಕ್ಷ ಮಿಲೇ ಅವರೇ ಲಿಬ್ರಾ ಎಂಬ ಹೊಸ ನಾಣ್ಯದ ಪರವಾಗಿ ಬರೆದರು. ಅದು ಏರಿದ ಕೆಲವೇ ಗಂಟೆಗಳಲ್ಲಿ ಪಾತಾಳಕ್ಕಿಳಿದು, ನಂಬಿ ಕೊಂಡವರನೇಕರು ಹಣ ಕಳೆದುಕೊಂಡರು. ವೆನಿಜುವೆಲಾದ ಸರ್ಕಾರ 2018ರಲ್ಲಿ ಪೆಟ್ರೊ ಎಂಬ ತನ್ನದೇ ನಾಣ್ಯವನ್ನು ಹೊರಡಿಸಿ, ಜನಬಳಕೆಗೆ ಬಾರದೆ 2024ರ ಜನವರಿಯಲ್ಲಿ ಅದನ್ನು ನಿಲ್ಲಿಸಿತು. ಯಂತ್ರ ಎಷ್ಟೇ ಹೊಸದಾದರೂ, ಹಿಂದಿರುವ ಮಾತಿಗೆ ಬೆಲೆಯಿಲ್ಲದಿದ್ದರೆ ನಾಣ್ಯಕ್ಕೂ ಬೆಲೆಯಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ತಿಂಗಳ ಕೊನೆಗೆ ಏನಾದರೂ ಮಿಕ್ಕವನಿಗೆ ಮಾತ್ರ ಈ ಉಪಾಯ. ಅಂದಿನ ಕೂಲಿಯನ್ನು ಅಂದೇ ಉಣ್ಣುವ ಬಡವನಿಗೆ ಉಳಿಸಲು ಉಳಿದದ್ದೇನು? ಬಲ್ಲವರು ಪೆಸೊ ಬಿಟ್ಟು ಓಡಿದಷ್ಟೂ ಪೆಸೊ ದುರ್ಬಲವಾಗುತ್ತದೆ. ಆ ಭಾರ ಬೀಳುವುದು ಓಡಲಾರದವನ ತಲೆಯ ಮೇಲೆ. ಆದ್ದರಿಂದ ಇದು ಮನೆಗೆ ಆಸರೆಯಾದೀತೇ ಹೊರತು ದೇಶಕ್ಕೆ ಚಿಕಿತ್ಸೆಯಲ್ಲ. ಚಿಕಿತ್ಸೆಯಿರುವುದು ಆದಾಯಕ್ಕೆ ತಕ್ಕಷ್ಟೇ ವೆಚ್ಚ ಮಾಡುವ, ಕೊಟ್ಟ ಮಾತಿನಂತೆ ನಡೆಯುವ ಆಡಳಿತದಲ್ಲಿ.

ನಮ್ಮ ಮನೆಗಳಿಗೆ

1991ರ ಜುಲೈನಲ್ಲಿ ನಮ್ಮ ರೂಪಾಯಿಯನ್ನೂ ಎರಡು ಹಂತಗಳಲ್ಲಿ ಅಪಮೌಲ್ಯಗೊಳಿಸಿದ್ದು ಹಿರಿಯರಿಗೆ ನೆನಪಿದ್ದೀತು. ಆದರೆ ಅರ್ಜೆಂಟೈನಾದಂತೆ ಒಂದೇ ವರ್ಷದಲ್ಲಿ ಬೆಲೆಗಳು ಮೂರು ಪಟ್ಟಾಗುವ ದುರ್ದಶೆ ನಮಗೊದಗಿಲ್ಲ. ಅವರಿಗೆ ಅನಿವಾರ್ಯವಾದದ್ದನ್ನು ನಾವು ಲಾಭದಾಸೆಯಿಂದ ಅನುಕರಿಸುವುದು ವಿವೇಕವಲ್ಲ. ಭಾರತದಲ್ಲಿ ಇಂತಹ ನಾಣ್ಯಗಳಿಗೆ ಕಾನೂನುಬದ್ಧ ಚಲಾವಣೆಯ ಮಾನ್ಯತೆ ಇಲ್ಲ. 2022ರ ಏಪ್ರಿಲ್‌ನಿಂದ ಇವುಗಳ ಲಾಭದ ಮೇಲೆ ಶೇಕಡಾ 30 ತೆರಿಗೆ ಉಂಟು. ಒಂದರಲ್ಲಾದ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದಾಗ ಅನೇಕ ಭಾರತೀಯರ ಹಣ ಸಿಕ್ಕಿಕೊಂಡಿತು.

ಮನೆಯ ಮಕ್ಕಳು ಈ ವಿಷಯವನ್ನೆತ್ತಿದರೆ ಹಿರಿಯರು ಗದರಿಸಿ ಸುಮ್ಮನಾಗಿಸಬಾರದು, ಕುಳಿತು ಕೇಳಬೇಕು. ಈ ನಾಣ್ಯದ ಹಿಂದೆ ಏನಿದೆ, ಕೀಲಿ ಯಾರ ಕೈಯಲ್ಲಿದೆ, ಮುಳುಗಿದರೆ ಮನೆ ನಡೆದೀತೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೂರಕ್ಕೂ ನೇರವಾದ ಉತ್ತರ ದೊರೆಯದಿದ್ದರೆ, ಮದುವೆಗೂ ವಿದ್ಯೆಗೂ ಔಷಧಿಗೂ ಇಟ್ಟ ಹಣವನ್ನು ಅತ್ತ ಕಳಿಸಕೂಡದು. ಅರ್ಜೆಂಟೈನಾದ ಗೃಹಿಣಿ ಪಾತ್ರೆ ಬಡಿದು ಬೀದಿಗಿಳಿದದ್ದು ದುರಾಸೆಯಿಂದಲ್ಲ, ತಾನು ಬೆವರು ಸುರಿಸಿ ಕೂಡಿಟ್ಟದ್ದು ತನಗೇ ಉಳಿಯಲೆಂದು. ಆ ತಾಯಿಯ ಎಚ್ಚರವನ್ನು ನಾವು ಕಲಿಯೋಣ. ಆಕೆಯ ಸಂಕಟ ನಮಗಾರಿಗೂ ಬಾರದಿರಲಿ.