ಗುಂಪಿನ ಲೆಕ್ಕ, ಕರ್ನೆಲ್‌ನ ಎಚ್ಚರ

ಒಂದೇ ಸರ್ವರಿನಲ್ಲಿ ಹತ್ತಾರು ಸೇವೆಗಳು ಓಡುತ್ತಿರುತ್ತವೆ. ಪ್ರೊಸೆಸರನ್ನು ಹೆಚ್ಚು ದಣಿಸುತ್ತಿರುವುದು ಯಾವುದು? ಇದನ್ನು ತಿಳಿಯಲು ಪ್ರೊಸೆಸರಿನ ಪ್ರತಿ ಕೋರ್‌ನಲ್ಲೂ ಕೌಂಟರ್‌ಗಳಿವೆ. ಎಷ್ಟು ಆದೇಶಗಳು ನಡೆದವು, ಬೇಕಾದ ಮಾಹಿತಿ ಕ್ಯಾಶ್‌ನಲ್ಲಿ ಎಷ್ಟು ಸಲ ಸಿಗಲಿಲ್ಲ ಎಂಬುದನ್ನೆಲ್ಲ ಅವು ಎಣಿಸುತ್ತವೆ. ಇವುಗಳನ್ನು ಓದುವ ‘ಪರ್ಫ್’ ವ್ಯವಸ್ಥೆ 2009ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ 2.6.31ನೇ ಆವೃತ್ತಿಯನ್ನು ಸೇರಿತು.

ಪ್ರೋಗ್ರಾಮುಗಳನ್ನು ಗುಂಪು ಕಟ್ಟುವ ‘ಸಿಗ್ರೂಪ್’ ಅದಕ್ಕೂ ಮೊದಲೇ, 2008ರ ಆರಂಭದಲ್ಲಿ ಬಂದಿತ್ತು. ಗೂಗಲ್‌ನ ಪಾಲ್ ಮೆನೇಜ್, ರೋಹಿತ್ ಸೇಠ್ ಆರಂಭಿಸಿದ ಈ ಕೆಲಸಕ್ಕೆ ಬೆಂಗಳೂರೂ ಕೈಜೋಡಿಸಿತು. ಅಲ್ಲಿನ ಐಬಿಎಂ ಲಿನಕ್ಸ್ ಕೇಂದ್ರದ ಶ್ರೀವತ್ಸ ವಡ್ಡಗಿರಿ ಗುಂಪುಗಳ ನಡುವೆ ಪ್ರೊಸೆಸರ್ ಸಮಯ ಹಂಚುವ ಕೋಡ್ ಬರೆದರು. ಬಲ್‌ಬೀರ್ ಸಿಂಗ್ ಮೆಮೊರಿಗೆ ಮಿತಿ ಹಾಕುವ ಭಾಗ ಬರೆದರು. ಪರ್ಫ್, ಸಿಗ್ರೂಪ್ ಎರಡನ್ನೂ ಬೆಸೆದು, ಗುಂಪುವಾರು ಎಣಿಕೆ ಸಾಧ್ಯವಾಗಿಸಿದ್ದು ಸ್ಟೆಫಾನ್ ಎರಾನಿಯನ್ ಅವರ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ. 2011ರಲ್ಲಿ ಅದು ಲಿನಕ್ಸ್ 2.6.39ರ ಭಾಗವಾಯಿತು.

ಕಾಳಗಿ, ಸೇಡಂ ಕಡೆ ಸುಗ್ಗಿಯಲ್ಲಿ ಒಂದೇ ಕಾಟಾದ ಮೇಲೆ ಹಲವು ಊರಿನ ತೊಗರಿ ಚೀಲಗಳನ್ನು ತೂಗುತ್ತಾರೆನ್ನಿ. ಊರುವಾರು ಲೆಕ್ಕ ಬೇಕೆಂದರೆ, ಬೇರೆ ಊರಿನ ಚೀಲ ಏರಿದಾಗಲೆಲ್ಲ ಪುಸ್ತಕದ ಪುಟ ತಿರುವಬೇಕು. ಅದೇ ಊರಿನ ಇನ್ನೊಬ್ಬ ರೈತನದಾದರೆ ಬೇಕಿಲ್ಲ. ಕರ್ನೆಲ್ ಮಾಡುವುದೂ ಇದನ್ನೇ. ಕೋರ್ ಒಂದು ಪ್ರೋಗ್ರಾಮನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಎರಡರ ಗುಂಪೂ ಒಂದೇ ಆಗಿದ್ದರೆ ಎಣಿಕೆ ಹಾಗೇ ಮುಂದುವರಿಯುತ್ತದೆ. ಬೇರೆಯಾಗಿದ್ದರೆ ಹಳೆಯ ಗುಂಪಿನ ಎಣಿಕೆ ನಿಲ್ಲಿಸಿ, ಕೌಂಟರ್‌ಗಳನ್ನು ಹೊಸದಕ್ಕೆ ಹೊಂದಿಸಬೇಕು.

ಕೆಲಸ ಮಾಡುತ್ತದೆ ಎಂಬುದಷ್ಟೇ ಇಂಥ ಪ್ಯಾಚ್ ಒಪ್ಪಲು ಸಾಲದು. ಎಣಿಕೆಯ ನಡುವೆಯೇ ಪ್ರೋಗ್ರಾಮನ್ನು ಬೇರೆ ಗುಂಪಿಗೆ ಸೇರಿಸಿದರೆ? ಆ ಕ್ಷಣದಲ್ಲೇ ಕೌಂಟರ್ ಬದಲಾಗಬೇಕು, ಇಲ್ಲವಾದರೆ ಒಬ್ಬರ ಖರ್ಚು ಇನ್ನೊಬ್ಬರ ತಲೆಗೆ ಬರುತ್ತದೆ. ಗುಂಪನ್ನೇ ಅಳಿಸಿದರೆ? ಎಣಿಕೆ ಮುಗಿಯುವವರೆಗೆ ಅದರ ದಾಖಲೆ ಮೆಮೊರಿಯಲ್ಲಿ ಉಳಿಯಬೇಕು, ಇಲ್ಲವಾದರೆ ಕರ್ನೆಲ್ಲೇ ಕುಸಿಯಬಹುದು. ಕಾಲದ ಲೆಕ್ಕ ಇನ್ನೂ ಸೂಕ್ಷ್ಮ. ಕೌಂಟರ್‌ಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಎಣಿಸಬೇಕಾದದ್ದು ಹೆಚ್ಚಾದರೆ ಸರದಿ ಹಾಕಿ, ಸಿಕ್ಕ ಸಮಯದ ಪ್ರಮಾಣದಲ್ಲಿ ಒಟ್ಟು ಅಂದಾಜು ಕಟ್ಟಲಾಗುತ್ತದೆ. ಆ ಗುಂಪು ಕೋರ್ ಮೇಲೆ ಇರದ ಹೊತ್ತನ್ನೂ ಸೇರಿಸಿದರೆ ಅಂದಾಜೇ ಸುಳ್ಳು.

ಎಲ್ಲಕ್ಕಿಂತ ಬಿಗಿಯಾದ ಪ್ರಶ್ನೆ ವೇಗದ್ದು. ಬಿಡುವಿಲ್ಲದ ಸರ್ವರಿನಲ್ಲಿ ಪ್ರೋಗ್ರಾಮುಗಳು ಸೆಕೆಂಡಿಗೆ ಸಾವಿರಾರು ಸಲ ಅದಲುಬದಲಾಗುತ್ತವೆ. ಈ ಅದಲುಬದಲಿನ ದಾರಿಯಲ್ಲಿ ಸೇರಿದ ಒಂದೊಂದು ಸಾಲು ಕೋಡೂ ಜಗತ್ತಿನ ಎಲ್ಲ ಲಿನಕ್ಸ್ ಯಂತ್ರಗಳನ್ನು ತಟ್ಟುತ್ತದೆ. ಈ ಎಣಿಕೆಯನ್ನು ಬಳಸುವುದು ಅವುಗಳಲ್ಲಿ ಕೆಲವು ಮಾತ್ರ. ಹಾಗಾಗಿ ಎಣಿಕೆ ಯಾರಿಗೂ ಬೇಡವಾದಾಗ, ಗುಂಪು ಬದಲಾಯಿತೇ ಎಂಬ ತಪಾಸಣೆ ಏನೂ ಮಾಡದ ಖಾಲಿ ಆದೇಶವಾಗಿ ಬದಲಾಗುವ ತಂತ್ರವನ್ನು ಪ್ಯಾಚ್‌ನಲ್ಲಿ ಬಳಸಲಾಯಿತು.

ಸೇರ್ಪಡೆಯಾದ ಮೇಲೂ ಪರಿಶೀಲನೆ ನಿಲ್ಲಲಿಲ್ಲ. ಗುಂಪುಗಳು ನೂರಾರಾದಾಗ ಅದಲುಬದಲು ನಿಧಾನವಾಯಿತು. 2020ರ ತಿದ್ದುಪಡಿ, ಎಲ್ಲ ಗುಂಪುಗಳನ್ನೂ ತಡಕದೆ ಬೇಕಾದವನ್ನಷ್ಟೇ ಹುಡುಕುವಂತೆ ಮಾಡಿತು. 2021ರಲ್ಲಿ, ಕರ್ನೆಲ್‌ನೊಳಗೆ ಸಣ್ಣ ಪ್ರೋಗ್ರಾಮುಗಳನ್ನು ಓಡಿಸುವ ‘ಬಿಪಿಎಫ್’ ಆಧಾರಿತ ದಾರಿಯೊಂದು ಬಂತು: ಕೌಂಟರ್‌ಗಳನ್ನು ನಿಲ್ಲಿಸದೆ ಓಡಲು ಬಿಟ್ಟು, ಗುಂಪು ಬದಲಾದಾಗ ಏರಿದ ಮೊತ್ತವನ್ನಷ್ಟೇ ಗುರುತು ಹಾಕಿಕೊಳ್ಳುವುದು. ಈ ಎಲ್ಲ ತಿದ್ದುಪಡಿಗಳೂ ಕಾಯುವ ನ್ಯಾಯ ಒಂದೇ: ಅಳತೆಯ ಖರ್ಚನ್ನು ಅಳತೆ ಕೇಳಿದವರೇ ಹೊರಬೇಕು.