ದೀಪಾವಳಿಯ ರಜೆಯೂ ಮನೆಯ ಮಾತೂ

ಹಸ್ತ, ಚಿತ್ತೆಯ ಮಳೆಗಳು ಬಿದ್ದು, ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತನೆ ಮುಗಿಯುತ್ತ ಬಂದಿತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟ ಸೀಮೆಗೆ ಶರದೃತು ಕಾಲಿರಿಸಿತೆಂದೇ ತಿಳಿಯಬೇಕು. ತೊಗರಿ ಹಳದಿ ಹೂ ಬಿಡುತ್ತದೆ. ಕಿತ್ತ ಶೇಂಗಾ ಅಂಗಳಕ್ಕೆ ಬರುತ್ತದೆ. ನವರಾತ್ರಿ, ಸೀಗಿ ಹುಣ್ಣಿಮೆ, ದೀಪಾವಳಿ ಎಂದು ಹಬ್ಬಗಳು ಒಂದರ ಬೆನ್ನ ಹಿಂದೆ ಒಂದು ಬರುತ್ತವೆ. ಶಾಲೆಗಳಿಗೆ ದೀಪಾವಳಿಯ ರಜೆಯಾಗಿ ಮಕ್ಕಳು ಹಗಲೆಲ್ಲ ಮನೆಯಲ್ಲಿ ಉಳಿಯುವ ಕಾಲವೂ ಇದೇ. ಈ ಕೆಲವು ದಿನಗಳಲ್ಲಿ ಮಕ್ಕಳು ಏನು ಕಲಿಯುತ್ತಾರೆ, ಯಾವ ಮಾತಿನಲ್ಲಿ ಕಲಿಯುತ್ತಾರೆ ಎಂಬುದು ಗಡಿನಾಡಿನ ಕನ್ನಡಿಗರಾದ ನಾವು ಕೊಂಚ ನಿಂತು ಯೋಚಿಸಬೇಕಾದ ವಿಷಯವಾಗಿದೆ.

ಸೊಲ್ಲಾಪುರದಿಂದ ಪುಣೆಯ ಹೆದ್ದಾರಿ ಹಿಡಿದು ಮೋಹೋಳದ ಕಡೆಗೆ ಹೊರಟರೆ ದಾರಿಯಲ್ಲಿ ಚಿಂಚೋಳಿ ಎಂಐಡಿಸಿ ಸಿಗುತ್ತದೆ. ಕಲಬುರ್ಗಿ ಜಿಲ್ಲೆಯ ಚಿಂಚೋಳಿಯೇ ಬೇರೆ, ಇದೇ ಬೇರೆ. ೧೯೬೨ರಲ್ಲಿ ಸ್ಥಾಪನೆಗೊಂಡ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳದ ವಸಾಹತು ಇದು. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಚಾದರ, ಟಾವೆಲ್ಲುಗಳ ಮಗ್ಗಗಳ ಸಪ್ಪಳ ಕೇಳಿಬಂದರೆ, ಇಲ್ಲಿ ರಾಸಾಯನಿಕ ಮತ್ತು ಔಷಧಿ ಕಾರಖಾನೆಗಳು ಹಗಲಿರುಳು ಪಾಳಿಯ ಮೇಲೆ ನಡೆಯುತ್ತವೆ. ಹೊಲದ ಆದಾಯ ಸಾಲದೆ ಹಳ್ಳಿ ಬಿಟ್ಟು ಬಂದು, ಸಮೀಪದಲ್ಲಿ ಬಾಡಿಗೆಯ ಖೋಲಿ ಹಿಡಿದು ದುಡಿಯುವ ಎಳೆಯ ಸಂಸಾರಗಳು ಇಂಥ ಕಡೆಗಳಲ್ಲಿ ಬೇಕಾದಷ್ಟಿವೆ.

ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬನ ಸಂಸಾರವೂ ಅವುಗಳಲ್ಲೊಂದು. ಅಕ್ಕಲಕೋಟ ತಾಲೂಕಿನ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು. ಈಗ ಅವನಿಗೆ ಎರಡನೆಯ ಇಯತ್ತೆಯಲ್ಲಿ ಓದುವ ಮಗ, ನಾಲ್ಕು ವರ್ಷದ ಮಗಳು. ಬಿಡಾರದ ಹತ್ತಿರದ ಶಾಲೆ ಮರಾಠಿಯದು. ಮಗ ಅಲ್ಲಿಗೇ ಹೋಗುತ್ತಾನೆ. ತಂದೆಗೆ ರಾತ್ರಿಪಾಳಿಯಿದ್ದ ವಾರ ಮನೆಯ ದಿನಚರಿಯೇ ತಲೆಕೆಳಗಾಗುತ್ತದೆ. ಅವನು ಬೆಳಗಿನಲ್ಲಿ ಬಂದು ಮಲಗಿದನೆಂದರೆ ಒಂದೇ ಖೋಲಿಯಲ್ಲಿ ಇಬ್ಬರು ಮಕ್ಕಳನ್ನು ಸದ್ದಿಲ್ಲದಂತೆ ಹಿಡಿದಿಡುವುದು ತಾಯಿಗೆ ರೊಟ್ಟಿ ಬಡಿಯುವುದಕ್ಕಿಂತ ದೊಡ್ಡ ಕೆಲಸ. ಹಲವು ಮನೆಗಳಲ್ಲಿ ಮೊಬೈಲು ಮಕ್ಕಳ ಕೈಗೆ ಬರುವುದೂ ಇದೇ ಹೊತ್ತಿನಲ್ಲಿ. ತಾಯಂದಿರನ್ನು ಇದಕ್ಕಾಗಿ ದೂರುವುದು ಸುಲಭ. ಅವರ ಇಕ್ಕಟ್ಟನ್ನು ಅರಿತು ಮಾತಾಡುವುದು ನ್ಯಾಯ.

ಕಳೆದ ದೀಪಾವಳಿಯ ರಜೆಯಲ್ಲಿ ನಾನು ಅವರ ಮನೆಗೆ ಹೋದಾಗ ಊರಿನಿಂದ ಅಜ್ಜಿಯೂ ಬಂದಿದ್ದಳು. ಚಹದ ಕಪ್ಪು ಮುಂದಿಟ್ಟು ಸೊಸೆ ಕೇಳಿದಳು: "ಗುರೂಜಿ, ಮನ್ಯಾಗ ಕನ್ನಡ ಮಾತಾಡಿದ್ರ ಹುಡುಗ ಸಾಲ್ಯಾಗ ಹಿಂದ ಬೀಳ್ತಾನಂತ್ರಿ. ಇನ್ಮ್ಯಾಲ ಮನ್ಯಾಗೂ ಮರಾಠಿನೇ ಮಾತಾಡೂಣೇನ್ರಿ?" ಯಾರೋ ಹಾಗೆ ತಿಳಿಹೇಳಿದ್ದರಂತೆ. ನಾನು ಉತ್ತರ ಕೊಡುವ ಮೊದಲೇ, ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಿ, "ಹಂಗಾದ್ರ ನಾ ಈ ಕೂಸುಗಳ ಕೂಡ ಯಾವ ಮಾತ ಆಡ್ಲೆವ್ವಾ?" ಎಂದಳು.

ಆ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಉಳಿದರ್ಧವನ್ನು ಶಿಕ್ಷಕನಾದ ನಾನು ಹೇಳಬೇಕು. ಅದಕ್ಕೆ ಅಂದು ಮನೆಯಲ್ಲಿದ್ದ ಹಣತೆಗಳೇ ಸಾಕಾದವು. ಇಪ್ಪತ್ತೈದು ಹಣತೆಗಳನ್ನು ಸಾಲಾಗಿಟ್ಟು ಹುಡುಗನಿಗೆ ಎಣಿಸಲು ಹೇಳಿದೆ. ಅವನು ಮರಾಠಿಯಲ್ಲಿ ಎಣಿಸಿ 'ಪಂಚವೀಸ' ಎಂದು, ಪಾಟಿಯ ಮೇಲೆ ೫೨ ಎಂದು ಬರೆದ. ಮತ್ತೆ ಕನ್ನಡದಲ್ಲಿ ಎಣಿಸಲು ಹೇಳಿದೆ. 'ಇಪ್ಪತ್ತೈದು' ಎಂದವನೇ ತಡವರಿಸದೆ ೨೫ ಎಂದು ಬರೆದ. ಇದು ಜಾಣತನದ ಹೆಚ್ಚುಕಡಿಮೆಯಲ್ಲ, ಮಾತಿನ ರಚನೆಯ ಭೇದ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಬರೆಯುವ ಕ್ರಮವೂ ಹಾಗೆಯೇ. ಮರಾಠಿಯಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಇಪ್ಪತ್ತೊಂಬತ್ತಂತೂ 'ಏಕೋಣತೀಸ', ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಈ ತೊಡಕನ್ನು ಮರಾಠಿ ಶಿಕ್ಷಣತಜ್ಞರೂ ಬಲ್ಲರು. ೨೦೧೯ರಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ 'ವೀಸ ಪಾಚ' ಎಂಬಂತೆ ಹತ್ತನ್ನು ಮೊದಲು ಹೇಳುವ ರೀತಿಯನ್ನು ತಂದಾಗ ಮಹಾರಾಷ್ಟ್ರದಲ್ಲೆಲ್ಲ ದೊಡ್ಡ ವಾದವೇ ಎದ್ದಿತು. ಅವರು ಪುಸ್ತಕದ ಮೂಲಕ ತರಲು ಯತ್ನಿಸಿದ ಅನುಕೂಲ ನಮ್ಮ ಮಕ್ಕಳಿಗೆ ತಾಯಿಯ ಬಾಯಿಂದಲೇ ದೊರೆತಿದೆ. ಮನೆಯಲ್ಲಿ ಕನ್ನಡದಲ್ಲಿ ಎಣಿಸಿ ಸಂಖ್ಯೆಯ ಸ್ವರೂಪವನ್ನು ಅರಿತ ಮಗು, ಅದೇ ಸಂಖ್ಯೆಯ ಮರಾಠಿ ಹೆಸರನ್ನು ಆಮೇಲೆ ನೆನಪಿನಲ್ಲಿಟ್ಟುಕೊಂಡರಾಯಿತು.

ಎರಡು ಭಾಷೆಗಳಿಂದ ಮಗುವಿನ ತಲೆ ಗೊಂದಲವಾಗುತ್ತದೆಂಬ ಭಯವೂ ಹುರುಳಿಲ್ಲದ್ದು. ನಮ್ಮ ಮನೆಗಳಲ್ಲಿ 'ಆಯಿ' ಎಂದರೆ ಅಜ್ಜಿ. ನೆರೆಯ ಮರಾಠಿ ಮನೆಯಲ್ಲಿ 'ಆಯಿ' ಎಂದರೆ ತಾಯಿ. ಆ ನಾಲ್ಕು ವರ್ಷದ ಹುಡುಗಿ ಪಕ್ಕದ ಮನೆಯ ಗೆಳತಿಗೆ, ಅವಳ ಆಯಿ ಎಲ್ಲಿಗೆ ಹೋದಳೆಂದು ಮರಾಠಿಯಲ್ಲಿ ಕೇಳಿ, ಹೊಸ್ತಿಲು ದಾಟಿ ಒಳಗೆ ಬಂದು ತನ್ನ ಆಯಿಯ ತೊಡೆಯೇರುತ್ತಿದ್ದಳು. ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣಲಿಲ್ಲ. ಶರದೃತುವಿನ ಹಬ್ಬಗಳೂ ಇಲ್ಲಿ ಹೀಗೆಯೇ ಜೋಡಿಯಾಗಿ ಬರುತ್ತವೆ. ದಸರೆಗೆ ನಮ್ಮವರು ಬನ್ನಿಯನ್ನು ಬಂಗಾರವೆಂದು ಕೊಟ್ಟರೆ, ನೆರೆಯವರು ಆಪಟೆಯ ಎಲೆಯನ್ನು ಬಂಗಾರವೆಂದು ಕೊಡುತ್ತಾರೆ. ನಮ್ಮ ಸೀಗಿ ಹುಣ್ಣಿಮೆಯ ಚಂದ್ರನೇ ಅವರ ಕೋಜಾಗಿರಿಯ ಚಂದ್ರ. ಅವನ ಬೆಳಕಿನಲ್ಲಿ ಕಾಸಿದ ಹಾಲಿನ ಲೋಟ ನಮ್ಮ ಮಕ್ಕಳ ಕೈಗೂ ಬರುತ್ತದೆ. ದೀಪಾವಳಿಗೆ ಓಣಿಯ ಹುಡುಗರೊಡನೆ ಮಗ ಮಣ್ಣುಕಲ್ಲುಗಳ ಕೋಟೆ ಕಟ್ಟಿ, ಮೇಲೆ ಶಿವಾಜಿ ಮಹಾರಾಜರ ಬೊಂಬೆಯನ್ನಿಟ್ಟಿದ್ದ. ಪಾಡ್ಯದಂದು ಆಯಿ ಎಲ್ಲಿಂದಲೋ ಸಗಣಿ ತಂದು, ಹೊಸ್ತಿಲ ಬಳಿ ಪಾಂಡವರನ್ನು ಮಾಡಿ ಹೂ ಮುಡಿಸುವಳೆಂದು ಅವನೇ ನನಗೆ ಹೇಳಿದ. ಕೋಟೆ ಕಟ್ಟಿದ್ದರಿಂದ ಪಾಂಡವರು ಸಣ್ಣವರಾಗಲಿಲ್ಲ. ಮರಾಠಿ ನಮಗೆ ಪರಕೀಯವಲ್ಲ. ಅದು ಓಣಿಯ ಮಾತು, ಅನ್ನದ ಮಾತು. ಅದನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಆದರೆ ಅದಕ್ಕಾಗಿ ಮನೆಯ ಮಾತನ್ನು ಹೊರಗಟ್ಟುವ ಕಾರಣವಿಲ್ಲ.

ಸೊಲ್ಲಾಪುರದವರಿಗೆ ಇದಕ್ಕೆ ಕಣ್ಣೆದುರಿನ ನಿದರ್ಶನವಿದೆ. ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯಾದ ಇದೇ ಊರಿನಲ್ಲಿ ೧೯೧೨ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತದ್ದು ಮರಾಠಿಯನ್ನು. ಕನ್ನಡದ ಓದುಬರಹವನ್ನು ಅವರು ಸ್ವಪ್ರಯತ್ನದಿಂದ ಸಂಪಾದಿಸಿಕೊಂಡರು. ವಚನಗಳನ್ನು ಮರಾಠಿಗೆ ತಂದರು. ಕನ್ನಡದಲ್ಲಿ ಸಿದ್ಧರಾಮನನ್ನು ಕುರಿತು ಮಹಾಕಾವ್ಯ ಬರೆದರು. ೧೯೭೪ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆ ವಹಿಸಿ, ಆ ಪೀಠವನ್ನೇರಿದ ಮೊದಲ ಮಹಿಳೆಯಾದರು. ಎರಡು ಭಾಷೆಗಳು ಅವರಿಗೆ ಎರಡು ಕೈಗಳಂತಿದ್ದವು.

ಕಾನೂನಿನ ಬೆಂಬಲವೂ ಉಂಟು. ೧೯೫೬ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ೩೫೦-ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆನ್ನುತ್ತದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಬಾಲಭಾರತಿಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ; ಅದರ ಜಾಲತಾಣದಿಂದ ಅವನ್ನು ಹಣ ಕೊಡದೆ ಪಡೆಯಬಹುದು. ಆದರೆ ಚಿಂಚೋಳಿಯ ಬಾಡಿಗೆ ಖೋಲಿಯಲ್ಲಿ ಬೆಳೆಯುವ ಮಗುವಿಗೆ ಸದ್ಯಕ್ಕೆ ಕನ್ನಡ ಶಾಲೆಯೆಂದರೆ ಅದರ ಮನೆಯೇ. ಅದು ಪೂರ್ತಿ ತೆರೆದಿರುವುದು ಈ ರಜೆಯಲ್ಲಿ.

ಇಲ್ಲಿಯೂ ಗಡಿ ಅಡ್ಡ ಬರುತ್ತದೆ. ಆಚೆಯ ಇಂಡಿ, ಅಫಜಲಪುರಗಳ ಮಕ್ಕಳಿಗೆ ದೊಡ್ಡ ರಜೆ ದಸರೆಗೆ. ಈಚೆಯ ನಮ್ಮ ಮಕ್ಕಳಿಗೆ ದೀಪಾವಳಿಗೆ. ಮಾಮಾನ ಮಕ್ಕಳು ಬಿಡುವಾಗಿದ್ದಾಗ ಇವರಿಗೆ ಶಾಲೆ. ಇವರು ಬಿಡುವಾಗುವ ಹೊತ್ತಿಗೆ ಅವರ ಶಾಲೆ ಆರಂಭವಾಗಿರುತ್ತದೆ. ಹೀಗಾಗಿ ಕನ್ನಡ ಮಾತಾಡುವ ಜೊತೆಗಾರರು ಒದಗುವುದೇ ಕಷ್ಟ. ಆ ಕೊರತೆಯನ್ನು ತುಂಬಬಲ್ಲವರು ಆಯಿ, ಮುತ್ಯಾ. ಸಾಧ್ಯವಿದ್ದವರು ಅವರನ್ನು ಈ ರಜೆಯಲ್ಲಿ ಕರೆಸಿಕೊಳ್ಳಿರಿ, ಇಲ್ಲವೆ ಮಕ್ಕಳನ್ನು ಊರಿಗೆ ಕಳಿಸಿರಿ.

ಇದಕ್ಕೆ ಬೇರೆ ಖರ್ಚೇನೂ ಬೇಡ. ಕರ್ಚಿಕಾಯಿ ಮಡಿಸುವಾಗ ಮಗುವಿಗೊಂದು ಹಿಟ್ಟಿನುಂಡೆ ಕೊಟ್ಟು ಪಕ್ಕದಲ್ಲಿ ಕೂಡ್ರಿಸಿಕೊಳ್ಳಿರಿ. ಲಟ್ಟಿಸು, ತುಂಬು, ಮಡಿಸು, ಕರಿ ಎಂಬ ಕ್ರಿಯಾಪದಗಳು ಕೈಯಿಂದಲೇ ಬರುತ್ತವೆ. ತಂದೆ ವಾರದ ಸುಟಿಯ ದಿನ ಮಕ್ಕಳನ್ನು ಹೊಲಗಳ ಕಡೆಗೆ ಕರೆದೊಯ್ಯಲಿ. ಹೆಸರಾಂತ ಮಾಲದಂಡಿ ಜೋಳದ ತಳಿಯನ್ನು ೧೯೩೦ರ ದಶಕದಲ್ಲಿ ಆಯ್ದು ತೆಗೆದದ್ದು ಇದೇ ಮೋಹೋಳದಲ್ಲಿ. ಆ ಬೆಳೆಯ ಮೊಳಕೆಯನ್ನು ತೋರಿಸಿ, ತಾವು ಉಣ್ಣುವ ರೊಟ್ಟಿಯ ಕಥೆ ಹೇಳಲಿ. ತಂದೆ ಮಲಗಿರುವ ಹೊತ್ತಿನಲ್ಲಿ ಮಗ ಮುತ್ಯಾನಿಗೆ ನಾಲ್ಕು ಸಾಲು ಕನ್ನಡದಲ್ಲಿ ಪತ್ರ ಬರೆಯಲಿ. ಅಕ್ಷರ ಬಾರದಿದ್ದರೆ ಆಯಿ ಹೇಳಿದ್ದನ್ನು ಚಿತ್ರವಾಗಿಯಾದರೂ ಬರೆಯಲಿ. ಬರವಣಿಗೆಗೆ ಸದ್ದು ಬೇಕಿಲ್ಲ, ಮಲಗಿದವರ ನಿದ್ದೆಯೂ ಕೆಡದು.

ಆ ತಾಯಿಗೆ ನಾನು ಹೇಳಿದ್ದೂ ಇಷ್ಟೇ: "ಸಾಲಿ ಮರಾಠಿ ಕಲಸ್ತದವ್ವಾ, ಅದರ ಚಿಂತಿ ಬ್ಯಾಡ. ಕನ್ನಡ ಕಲಸಾಕ ನಿನ್ನ ಬಿಟ್ರ ಅವಕ್ಕ ಇಲ್ಲಿ ಯಾರೂ ಇಲ್ಲ." ಅವಳು ಮಾತಾಡದೆ, ಶೇಂಗಾದ ಮೊರವನ್ನು ಅತ್ತೆಯ ಮುಂದಿನಿಂದ ನಡುವಿಗೆ ಎಳೆದು, ಎರಡೂ ಮಕ್ಕಳನ್ನು ಸುಲಿಯಲು ಕೂಡ್ರಿಸಿದಳು. ಹುಡುಗ ಬೀಜಗಳನ್ನು ಕನ್ನಡದಲ್ಲಿ ಎಣಿಸತೊಡಗಿದ. ತಂಗಿ ಅವನು ಎಣಿಸಿದ್ದನ್ನು ತಿನ್ನತೊಡಗಿದಳು.